ಪತ್ರಿಕೆ ಓದಿದವನ ಪಾಲಿನ ಬೀಡಿ

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವ ಬಸ್ಸು ಕಂಪಲಾಪುರದಲ್ಲಿ ನಿಂತರೆ, ಹರಾಜಿನ ದಿನಗಳಲ್ಲಿ ಹೊಗೆಸೊಪ್ಪಿನ ವಾಸನೆಯೂ ಪ್ರಯಾಣಿಕರ ಜೊತೆ ಬಸ್ಸು ಹತ್ತಿಕೊಳ್ಳುತ್ತದೆ. ಊರಿನಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಸುತ್ತಲ ಹಳ್ಳಿಗಳಲ್ಲಿ ಬೆಳೆದು, ಬ್ಯಾರನ್‌ನಲ್ಲಿ ಹದವಾಗಿ ಬೇಯಿಸಿ ಒಣಗಿಸಿದ ಸೊಪ್ಪು ಬೇಲ್‌ಗಳಾಗಿ ಇಲ್ಲಿಗೆ ಬರುತ್ತದೆ. 1976ರಲ್ಲಿ ಸ್ಥಾಪನೆಯಾದ ಮಂಡಳಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಆರಂಭಿಸಿದ್ದು 1984ರಲ್ಲಿ. ಅದಕ್ಕೂ ಮೊದಲು ರೈತ ಕಂಪನಿಯ ಇಲ್ಲವೇ ವ್ಯಾಪಾರಿಯ ಬಾಗಿಲಿಗೆ ಸೊಪ್ಪು ಹೊತ್ತುಕೊಂಡು ಹೋಗಬೇಕಿತ್ತು. ಸೊಪ್ಪು ಯಾವ ದರ್ಜೆಯದು, ಬೆಲೆ ಎಷ್ಟು ಎಂಬುದು ಆ ಬಾಗಿಲಿನಲ್ಲೇ ತೀರ್ಮಾನವಾಗುತ್ತಿತ್ತು. ಹರಾಜು ಬಂದ ಮಾತ್ರಕ್ಕೆ ರೈತನ ಕಷ್ಟ ಮುಗಿಯಿತೆಂದು ಯಾರೂ ಹೇಳಲಾರರು. ಬೆಲೆ ಕುಸಿದಾಗ ರೈತರು ಹರಾಜು ನಿಲ್ಲಿಸಿ ಕೂತದ್ದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಆದರೆ ಹಾಗೆ ಕೂರಲು ಒಂದು ಅಂಗಳವಾದರೂ ಸಿಕ್ಕಿತು. ಪಕ್ಕದವನ ಬೇಲ್‌ಗೆ ಎಷ್ಟು ಬಿತ್ತೆಂಬುದು ಇವನಿಗೂ ತಿಳಿಯುವಂತಾಯಿತು.

ನಾನು ಹೇಳಹೊರಟಿರುವುದು ಅಂಥ ಅಂಗಳದ ಕಥೆಯನ್ನೇ. ಆದರೆ ಅದು ಸಿಗರೇಟಿಗೆ ಹೋಗುವ ನಮ್ಮ ಕಡೆಯ ಸೊಪ್ಪಿನದಲ್ಲ, ಬೀಡಿಯದು.

ಇದಕ್ಕೊಂದು ನೆಪವಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ತಂಗಿಯ ಮಗ ಕಳೆದ ಈದ್‌ಗೆ ಬಂದಿದ್ದಾಗ ತನ್ನ ಆಫೀಸಿನ ವಿಷಯ ಹೇಳುತ್ತಿದ್ದ. ಅಲ್ಲಿ ನೌಕರರು ಸಂತೋಷವಾಗಿದ್ದಾರೆಯೇ ಎಂದು ವಿಚಾರಿಸುವುದಕ್ಕೇ ಒಂದು ವಿಭಾಗವಿದೆಯಂತೆ. ಹುಟ್ಟುಹಬ್ಬಕ್ಕೆ ಕೇಕು, ಮೂರು ತಿಂಗಳಿಗೊಮ್ಮೆ ಪ್ರಶ್ನಾವಳಿ, ಗೋಡೆಯ ಮೇಲೆ ಕಂಪನಿಯ ಮೌಲ್ಯಗಳ ಪಟ್ಟಿ. "ಇದಕ್ಕೆ ವರ್ಕ್ ಕಲ್ಚರ್ ಅಂತಾರೆ ಮಾಮೂ, ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎಂದ. ಇತ್ತು ಎಂದು ಹೇಳಿದೆ. ಅವನು ನಂಬಲಿಲ್ಲ. ಬಿರಿಯಾನಿ ತಣ್ಣಗಾಗುತ್ತಿದ್ದುದರಿಂದ ಆವತ್ತು ಮಾತು ಅಲ್ಲಿಗೇ ನಿಂತಿತು.

ಕಂಪಲಾಪುರದ ರಸ್ತೆಯಲ್ಲೇ ಮುಂದೆ ಸಾಗಿ ಕೊಡಗು ಹೊಕ್ಕು, ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ ಸಿಗುತ್ತದೆ. ಕಳೆದ ಶತಮಾನದ ಮೊದಲ ಭಾಗದಲ್ಲಿ ಆ ಸೀಮೆಯ ಪೇಟೆಗಳಲ್ಲಿ ಬೀಡಿ ಕಟ್ಟುವ ಶೆಡ್ಡುಗಳಿದ್ದವು. ಶೆಡ್ಡು ಎಂದರೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಕಾಗಿಲ್ಲ. ಗಾಳಿ ಬೆಳಕು ಕಡಿಮೆಯಿದ್ದ ಒಂದು ಕೋಣೆ, ಸಾಲಾಗಿ ಕೂತ ಗಂಡಸರು ಮತ್ತು ಹುಡುಗರು, ಎಲ್ಲರ ತೊಡೆಯ ಮೇಲೂ ಒಂದೊಂದು ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಕೂಲಿ ದಿನಕ್ಕಲ್ಲ, ಸಾವಿರ ಬೀಡಿಗೆ ಇಷ್ಟು ಎಂದು. ಬೆನ್ನು ಬಾಗಿಸಿ ಕೂತು ಕೂತು ಸೊಂಟ ಹೋಗುತ್ತಿತ್ತು, ಧೂಳಿನಿಂದ ಎದೆ ಕೆಡುತ್ತಿತ್ತು. ಆದರೆ ಈ ಕೆಲಸಕ್ಕೆ ಇನ್ನೊಂದು ಗುಣವೂ ಇತ್ತು. ಬಟ್ಟೆ ಗಿರಣಿಯಲ್ಲಿದ್ದಂತೆ ಇಲ್ಲಿ ಯಂತ್ರದ ಸದ್ದಿಲ್ಲ. ಕೈ ಮತ್ತು ಕಣ್ಣಿಗೆ ಮಾತ್ರ ಕೆಲಸ, ಕಿವಿ ಖಾಲಿ.

ಆ ಖಾಲಿ ಕಿವಿಗೆ ಕಾರ್ಮಿಕರೇ ಒಂದು ಏರ್ಪಾಡು ಮಾಡಿಕೊಂಡರು. ತಮ್ಮಲ್ಲೇ ಓದು ಬಲ್ಲ ಒಬ್ಬನನ್ನು ಕೂರಿಸಿ ಪತ್ರಿಕೆ ಓದಿಸುವುದು. ಅವನು ಗಟ್ಟಿಯಾಗಿ ಓದುತ್ತಾನೆ, ಉಳಿದವರು ಬೀಡಿ ಕಟ್ಟುತ್ತ ಕೇಳುತ್ತಾರೆ. ಓದುವಷ್ಟು ಹೊತ್ತು ಅವನ ಕೈ ನಿಂತಿರುತ್ತದೆ, ಕೈ ನಿಂತರೆ ಕೂಲಿಯೂ ನಿಂತಂತೆ. ಅದಕ್ಕೂ ಅವರಲ್ಲೇ ಉಪಾಯವಿತ್ತು. ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿ ಅವನ ಲೆಕ್ಕಕ್ಕೆ ಸೇರಿಸುತ್ತಿದ್ದರು. ಇದರಲ್ಲಿ ಮಾಲೀಕನದು ಒಂದು ಕಾಸೂ ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹುಡುಗರು ಬ್ರಿಟಿಷರ ವಿರುದ್ಧದ ಹೋರಾಟದ ಸುದ್ದಿಯನ್ನೂ ಯುದ್ಧದ ಸುದ್ದಿಯನ್ನೂ ಕತೆ ಕಾದಂಬರಿಗಳನ್ನೂ ಕಿವಿಯಿಂದಲೇ ಓದಿದರು. 1930ರ ದಶಕದಲ್ಲಿ ಈ ಕೋಣೆಗಳಿಂದ ಬೀಡಿ ಕಾರ್ಮಿಕರ ಸಂಘಗಳು ಹುಟ್ಟಿದವು. ಪಿ. ಕೃಷ್ಣಪಿಳ್ಳೈ, ಎ.ಕೆ. ಗೋಪಾಲನ್ ಅವರಂಥ ನಾಯಕರು ಮಲಬಾರಿನಲ್ಲಿ ಸಂಘಟನೆಗೆ ಇಳಿದಾಗ ಅವರ ಮಾತನ್ನು ಕೇಳಿ ಪ್ರಶ್ನೆ ಹಾಕಬಲ್ಲ ಜನ ಈ ಶೆಡ್ಡುಗಳಲ್ಲಿದ್ದರು.

ಇದು ಮಲಬಾರಿನಲ್ಲಿ ಮಾತ್ರ ನಡೆದದ್ದೆಂದು ತಿಳಿಯಬಾರದು. ಸಮುದ್ರಗಳಾಚೆಯ ಕ್ಯೂಬಾ ದೇಶದಲ್ಲಿ ಚುಟ್ಟಾ ಸುತ್ತುವವರೂ ಇದನ್ನೇ ಮಾಡಿದ್ದರು. 1865ರಲ್ಲಿ ಹವಾನಾದ ಎಲ್ ಫಿಗಾರೊ ಎಂಬ ಕಾರ್ಖಾನೆಯಲ್ಲಿ ಓದು ಶುರುವಾಯಿತು. ಸ್ವತಃ ಚುಟ್ಟಾ ಕೆಲಸಗಾರನೂ ಕವಿಯೂ ಆಗಿದ್ದ ಸಟುರ್ನಿನೊ ಮಾರ್ಟಿನೆಸ್ ಎಂಬವನು ಅದರ ಹಿಂದಿದ್ದ. ಓದುವವನಿಗೆ ಕೆಲಸಗಾರರೇ ಹಣ ಕೂಡಿಸಿ ಕೊಡುತ್ತಿದ್ದರು. ಮರುವರ್ಷವೇ ಅಲ್ಲಿನ ಸ್ಪೇನ್ ಸರಕಾರ ಅದನ್ನು ನಿಷೇಧಿಸಿತು. ಮುಂದೆ ಕ್ಯೂಬಾದ ಚುಟ್ಟಾ ಕೆಲಸಗಾರರು ವಲಸೆ ಹೋದ ಅಮೆರಿಕದ ಟ್ಯಾಂಪಾ ನಗರದಲ್ಲೂ ಓದು ಮುಂದುವರಿಯಿತು. 1931ರಲ್ಲಿ ಅಲ್ಲಿನ ಮಾಲೀಕರು ಓದುವವರನ್ನು ಹೊರಗೆ ಹಾಕಿದರು, ಬಳಿಕ ಅವರ ಜಾಗಕ್ಕೆ ರೇಡಿಯೊ ಬಂತು. ಕಣ್ಣೂರಿಗೂ ಹವಾನಾಕ್ಕೂ ಹೆಸರು ಗೊತ್ತಾಗುವಷ್ಟೂ ಪರಿಚಯವಿರಲಿಲ್ಲ. ಆದರೂ ಒಂದೇ ಬಗೆಯ ಕೋಣೆ, ಒಂದೇ ಬಗೆಯ ಮೌನ ಎರಡೂ ಕಡೆ ಒಂದೇ ಬಗೆಯ ಉಪಾಯವನ್ನು ಹುಟ್ಟಿಸಿದವು. ಎರಡೂ ಕಡೆ ಮಾಲೀಕರಿಗೆ ಬಾಯಿಬಿಟ್ಟು ಓದುವವನ ಮೇಲೆ ಗುಮಾನಿ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ನಮ್ಮ ಕಡೆಗೆ ಬರೋಣ. 1956ರ ನವೆಂಬರ್ 1ರವರೆಗೆ ಮಲಬಾರೂ ದಕ್ಷಿಣ ಕನ್ನಡವೂ ಮದ್ರಾಸ್ ರಾಜ್ಯದಲ್ಲೇ ಇದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಮಂಗಳೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಹೋದವು. ಕಾಸರಗೋಡು 1984ರಲ್ಲಿ ಬೇರೆ ಜಿಲ್ಲೆಯಾಗುವ ತನಕ ಕಣ್ಣೂರು ಜಿಲ್ಲೆಯ ಭಾಗವೇ ಆಗಿತ್ತು. ಹೀಗೆ ತುಳು, ಕನ್ನಡ, ಬ್ಯಾರಿ, ಮಲಯಾಳ ಆಡುವ ಬೀಡಿ ಕೆಲಸಗಾರರ ನಡುವೆ ಒಂದು ಗೆರೆ ಬಿತ್ತು. ಆ ಗೆರೆಯ ಬೆಲೆ ಏನೆಂದು ಹನ್ನೆರಡು ವರ್ಷಗಳ ನಂತರ ತಿಳಿಯಿತು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1948ರ ಕಾರ್ಖಾನೆ ಕಾಯಿದೆ ಬಂತು. ವಿದ್ಯುತ್ ಇಲ್ಲದಿದ್ದರೂ ಇಪ್ಪತ್ತು ಜನ ಒಂದು ಕಡೆ ಕೂತು ದುಡಿದರೆ ಅದು ಕಾರ್ಖಾನೆ. ಬೀಡಿ ಕಂಪನಿಗಳು ಬುದ್ಧಿವಂತಿಕೆ ತೋರಿದವು. ಇಪ್ಪತ್ತು ಜನರ ಕೋಣೆಯನ್ನು ಒಡೆದು ಎರಡು ಮಾಡಿದರು. ಆಮೇಲೆ ಕೋಣೆಯನ್ನೇ ಇಲ್ಲವಾಗಿಸಿದರು. ನಡುವೆ ಒಬ್ಬ ಕಂಟ್ರಾಕ್ಟರ್ ಬಂದ. ಎಲೆ, ಸೊಪ್ಪು, ನೂಲು ಅವನ ಕೈಯಿಂದ ಮನೆಮನೆಗೆ ಹೋಗುವುದು, ಕಟ್ಟಿದ ಬೀಡಿ ಅವನ ಕೈಯಿಂದಲೇ ಹಿಂದಕ್ಕೆ ಬರುವುದು. ಗಂಡಸರ ಕೋಣೆ ಖಾಲಿಯಾಗುತ್ತ, ಹೆಂಗಸರ ಅಡುಗೆಮನೆ ಬಾಗಿಲು ಬೀಡಿ ಶೆಡ್ಡಾಗುತ್ತ ಹೋಯಿತು. ಕಂಪನಿಯನ್ನು ಕೇಳಿದರೆ, ಇವರು ನಮ್ಮ ನೌಕರರೇ ಅಲ್ಲ, ಕಂಟ್ರಾಕ್ಟರನ ಕಡೆಯವರು ಎಂಬ ಉತ್ತರ.

ಈ ಉತ್ತರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಿವಾನ್ ಮೊಹಿದ್ದೀನ್ ಸಾಹೇಬ್ ಅಂಡ್ ಸನ್ಸ್ ಎಂಬ ಸಂಸ್ಥೆಯ ವಿರುದ್ಧ ಸೇಲಂನ ಬೀಡಿ ಕಾರ್ಮಿಕರ ಸಂಘ ನಡೆಸಿದ ಮೊಕದ್ದಮೆಯಲ್ಲಿ 1964ರಲ್ಲಿ ತೀರ್ಪು ಬಂತು. ಕಂಟ್ರಾಕ್ಟರುಗಳೆನಿಸಿಕೊಂಡವರಿಗೆ ಸ್ವಂತದ್ದೇನೂ ಇಲ್ಲ, ಅವರು ಕಂಪನಿಯ ಏಜೆಂಟರು ಮಾತ್ರ, ಬೀಡಿ ಕಟ್ಟುವವರು ಕಂಪನಿಯ ಕೆಲಸಗಾರರೇ ಎಂದು ನ್ಯಾಯಾಲಯ ಹೇಳಿತು. ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆದಿದ್ದೇನೆ. ದುಡಿದವನ ಬೆವರು ಆರುವ ಮೊದಲು ಕೂಲಿ ಸಲ್ಲಬೇಕೆಂಬ ಪ್ರವಾದಿವಚನವನ್ನು ನಾವು ಖುತ್ಬಾಗಳಲ್ಲಿ ಕೇಳುತ್ತ ಬಂದಿದ್ದೇವೆ. ಹಾಗೆ ಕೇಳಿಸಿಕೊಂಡ ಸೇಠ್‌ಗಳೂ ಬೇರೆಯವರಂತೆಯೇ ಕಂಟ್ರಾಕ್ಟರನ ಹಿಂದೆ ನಿಂತರು. ಈ ವಿಷಯದಲ್ಲಿ ನಮ್ಮವರು, ಅವರು ಎಂಬ ವ್ಯತ್ಯಾಸವನ್ನು ನಾನು ಕಾಣೆ.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಮಾಡಿತು. ಕುಡಿಯುವ ನೀರು, ಶೌಚಾಲಯ, ಮಕ್ಕಳ ತೊಟ್ಟಿಲು ಕೋಣೆ, ಕೆಲಸದ ಅವಧಿ, ಸಂಬಳ ಸಹಿತ ರಜೆ ಎಲ್ಲವೂ ಅದರಲ್ಲಿದ್ದವು. ಮನೆಯಲ್ಲಿ ಕೂತು ಕಟ್ಟುವವರೂ ನೌಕರರೇ ಎಂದು ಅದು ಒಪ್ಪಿತು. ಆದರೆ ಜಾರಿಗೆ ತರಬೇಕಾದವು ರಾಜ್ಯ ಸರಕಾರಗಳು. ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರಕಾರ 1968ರ ಅಕ್ಟೋಬರ್‌ನಲ್ಲಿ ಕೇರಳದಲ್ಲಿ ಜಾರಿಗೊಳಿಸಿತು. ಆಗ ಮಂಗಳೂರು ಗಣೇಶ್ ಬೀಡಿ ಸೇರಿದಂತೆ ನಮ್ಮ ಕಡೆಯ ಕಂಪನಿಗಳು ಕಣ್ಣೂರಿನಲ್ಲಿದ್ದ ತಮ್ಮ ಕೆಲಸ ನಿಲ್ಲಿಸಿದವು. ಸುಮಾರು ಹನ್ನೆರಡು ಸಾವಿರ ಮಂದಿಗೆ ಕೆಲಸ ಹೋಯಿತು. ಕಾಯಿದೆ ಇನ್ನೂ ಬಿಗಿಯಾಗಿರದ ಗೆರೆಯ ಈಚೆ, ಕನ್ನಡ ನಾಡಿನ ಮನೆಗಳಲ್ಲಿ, ಮೊರ ಹಿಡಿದ ಕೈಗಳಿಗೆ ಬರವಿರಲಿಲ್ಲ. ಕಣ್ಣೂರಿನ ಗಂಡಸು ಕಳೆದುಕೊಂಡ ಕೂಲಿ ಮಂಗಳೂರು ಕಡೆಯ ಹೆಂಗಸಿನ ಮಡಿಲಿಗೆ, ಅದೂ ಕಡಿಮೆ ದರದಲ್ಲಿ ಬಂದು ಬಿತ್ತು. ಇದನ್ನು ನಾವು ನಮ್ಮ ಜಿಲ್ಲೆಗಳ ಉದ್ಯೋಗದ ಬೆಳವಣಿಗೆ ಎಂದು ಕರೆದುಕೊಂಡೆವು.

ಕೆಲಸ ಹೋದವರು ಏನು ಮಾಡಿದರು? ಅವರೆದುರು ಹಿಂದಿನ ಒಂದು ಉದಾಹರಣೆ ಇತ್ತು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಅಲ್ಲಿನ ನೌಕರರೇ ಸಹಕಾರ ಸಂಘ ಕಟ್ಟಿ ಅವನ್ನು ನಡೆಸಲು ಮುಂದಾಗಿದ್ದರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್‌ನಲ್ಲಿ. ಬಿಳಿ ಪೇಟ ಸುತ್ತಿದ ಆ ಮಾಣಿಗಳು ತಂದಿಟ್ಟ ಕಾಫಿ ಕುಡಿದ ಎಷ್ಟು ಸಾಹಿತಿಗಳಿಗೆ ತಮ್ಮೆದುರು ನಿಂತವನೇ ಹೋಟೆಲಿನ ಮಾಲೀಕರಲ್ಲೊಬ್ಬ ಎಂಬುದು ಗೊತ್ತಿತ್ತೋ!

1969ರ ಫೆಬ್ರವರಿಯಲ್ಲಿ ಕಣ್ಣೂರಿನ ಬೀಡಿ ಕಾರ್ಮಿಕರೂ ಅದೇ ದಾರಿ ಹಿಡಿದರು. ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಸುಮಾರು ಮೂರು ಸಾವಿರ ಜನರೊಂದಿಗೆ ಶುರುವಾಯಿತು. ಷೇರಿನ ಬಹುಪಾಲು ಹಣ ಸರಕಾರದ ಸಾಲ. ಕೈಗಾರಿಕಾ ಇಲಾಖೆಯಿಂದ ಬಂದ ಜಿ.ಕೆ. ಪಣಿಕ್ಕರ್ ಅಧ್ಯಕ್ಷರಾದರು. ಮೇಲೆ ಒಂದು ಕೇಂದ್ರ ಸಂಘ, ಕೆಳಗೆ ಊರೂರಿನ ಪ್ರಾಥಮಿಕ ಸಂಘಗಳು. ಪ್ರಾಥಮಿಕ ಸಂಘದ ನಿರ್ದೇಶಕರನ್ನು ಕಾರ್ಮಿಕರೇ ಆರಿಸುತ್ತಿದ್ದರು. ಕಂಪನಿಗಳಿಗೆ ಬೇಡವಾಗಿದ್ದ ಕೋಣೆಯನ್ನೇ ಇವರು ಮತ್ತೆ ಕಟ್ಟಿದರು, ಈ ಸಲ ಗಾಳಿ ಬೆಳಕು ಇರುವಂತೆ, ಎಲ್ಲರೂ ಬಂದು ಕೂತು ಕಟ್ಟುವ ಹಾಲ್‌ಗಳನ್ನು. ಮನೆಗೆ ಕೊಟ್ಟರೆ ಖರ್ಚು ಕಡಿಮೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಭವಿಷ್ಯ ನಿಧಿ, ಬೋನಸ್, ಹೆರಿಗೆ ಸೌಲಭ್ಯ, ರಜೆ, ಗ್ರಾಚ್ಯುಟಿ, ಕ್ರಮೇಣ ಪಿಂಚಣಿ ಎಲ್ಲವೂ ಬಂದವು. ಖಾಸಗಿ ಬೀಡಿಗಿಂತ ಕೂಲಿ ಹೆಚ್ಚಿದ್ದರೂ ಸಂಘ ಬೆಳೆಯಿತು. 1980ರ ದಶಕದಲ್ಲಿ ಅಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಮೊದಲು ಗಂಡಸರೇ ತುಂಬಿದ್ದ ಹಾಲ್‌ಗಳಲ್ಲಿ ಹೆಂಗಸರ ಸಂಖ್ಯೆ ಏರುತ್ತ ಹೋಯಿತು.

ಪತ್ರಿಕೆ ಓದುವವನೂ ಹಾಲ್‌ಗೆ ಮರಳಿ ಬಂದ. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟುವ ಪದ್ಧತಿಯೂ ಮರಳಿತು. ಟಿ.ಎಂ. ಥಾಮಸ್ ಐಸಾಕ್, ರಿಚರ್ಡ್ ಫ್ರಾಂಕಿ, ಪ್ಯಾರೇಲಾಲ್ ರಾಘವನ್ ಸೇರಿ ಈ ಸಂಘದ ಮೇಲೆ 1998ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಕೂಲಿ ಹೆಚ್ಚು ಕೊಟ್ಟೂ ಒಂದು ಸಂಸ್ಥೆ ಬದುಕಿತು ಹೇಗೆಂಬುದು ಅರ್ಥಶಾಸ್ತ್ರಜ್ಞರ ಕುತೂಹಲ. ಕತೆ ಬರೆಯುವ ನನ್ನಂಥವನ ಕುತೂಹಲ ಬೇರೆ. ಆ ಹಾಲ್‌ನಲ್ಲಿ ಒಂದು ದಿನ ಬೀಡಿ ತಿರಸ್ಕೃತವಾದರೆ ಅದನ್ನು ನಲವತ್ತು ಕಣ್ಣುಗಳು ನೋಡುತ್ತವೆ. ಸುಮ್ಮನೆ ತೆಗೆದುಹಾಕಿದ್ದೋ ನಿಜವಾಗಿ ಕೆಟ್ಟದ್ದೋ ಎಂದು ಪಕ್ಕದವಳು ಹೇಳಬಲ್ಲಳು. ಮೇಸ್ತ್ರಿ ಬೈದರೆ ಎಲ್ಲರಿಗೂ ಕೇಳಿಸುತ್ತದೆ. ಕೆಲಸದ ಜಾಗದಲ್ಲಿ ಮರ್ಯಾದೆ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದಕ್ಕೆ ಮೊದಲು ಇಂಥ ಸಾಕ್ಷಿಗಳು ಬೇಕು. ಗೋಡೆಯ ಮೇಲಿನ ಪಟ್ಟಿ ಆಮೇಲಿನದು.

ಹಾಗೆಂದು ಇದನ್ನು ಸ್ವರ್ಗವೆಂದು ವರ್ಣಿಸುವುದೂ ಸುಳ್ಳಾಗುತ್ತದೆ. ಕಟ್ಟುತ್ತಿದ್ದುದು ಸೇದಿದವನ ಎದೆ ಸುಡುವ ಸರಕು. ಅದರ ಧೂಳು ಹಾಲ್‌ನಲ್ಲಿ ಕೂತವರ ಎದೆಗೂ ಹೋಗುತ್ತಿತ್ತು. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದ್ದು ನ್ಯಾಯವೇ. ಬೇಡಿಕೆ ಇಳಿಯಿತು, ಹಾಲ್‌ಗಳು ಒಂದೊಂದಾಗಿ ಬರಿದಾದವು. ಸಂಘ 1990ರ ದಶಕದ ಕೊನೆಯಿಂದ ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪು, ಸಾಫ್ಟ್‌ವೇರ್ ಎಂದು ಬೇರೆ ದಾರಿಗಳನ್ನು ಹುಡುಕಿತು. ಬೀಡಿಯಲ್ಲಿ ನೆರೆದಿದ್ದ ಆ ಜನಸಾಗರ ಮತ್ತೆ ಅಲ್ಲಿ ನೆರೆಯಲಿಲ್ಲ.

ಗೆರೆಯ ಈಚೆ ಏನಾಯಿತು? ಕಾಯಿದೆಯನ್ನೇ ಪ್ರಶ್ನಿಸಿ ಬೀಡಿ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1974ರಲ್ಲಿ ಬಂದ ತೀರ್ಪು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ಕಾನೂನು ಪುಸ್ತಕಗಳಲ್ಲಿದೆ. ನ್ಯಾಯಾಲಯ ಕಾಯಿದೆಯನ್ನು ಎತ್ತಿ ಹಿಡಿಯಿತು. ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯ ನಿಧಿ ಸಲ್ಲಬೇಕೆಂದು 1985ರಲ್ಲಿ ಇನ್ನೊಂದು ತೀರ್ಪು ಬಂತು. 1976ರ ಕಾಯಿದೆಗಳಿಂದ ಬೀಡಿಯ ಮೇಲೆ ಸೆಸ್ ವಿಧಿಸಿ ಕಲ್ಯಾಣ ನಿಧಿ ಮಾಡಿದರು. ಅದರಿಂದ ಆಸ್ಪತ್ರೆ, ಗುರುತಿನ ಚೀಟಿ, ಮಕ್ಕಳಿಗೆ ವಿದ್ಯಾರ್ಥಿ ವೇತನ ಬಂದವು. ಆ ವೇತನದಿಂದ ಓದಿದ ಎಷ್ಟೋ ಹುಡುಗಿಯರು ಇಂದು ನಮ್ಮ ಶಾಲೆಗಳಲ್ಲಿ ಟೀಚರುಗಳು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ರದ್ದಾಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾರ್ಮಿಕ ಸಂಹಿತೆಗಳಲ್ಲೊಂದು 1966ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತು.

ಕಾಗದದಲ್ಲಿ ಇಷ್ಟೆಲ್ಲ ಇದ್ದೂ ನಮ್ಮ ಮೊಹಲ್ಲಾಗಳಲ್ಲಿ ಬೀಡಿ ಕಟ್ಟುವವಳಿಗೆ ಕಂಪನಿಯ ಮುಖ ಕಾಣಲಿಲ್ಲ. ಅವಳಿಗೆ ಕಂಡದ್ದು ಎಲೆ ತೂಗಿ ಕೊಡುವವನ ಮುಖ ಮಾತ್ರ. ಇದನ್ನು ಹೊಗಳಿದವರೂ ನಮ್ಮಲ್ಲಿದ್ದರು. ನಮ್ಮ ಹೆಣ್ಣುಮಕ್ಕಳು ಹೊಸ್ತಿಲು ದಾಟದೆ, ಪರದೆಯೊಳಗೇ ಇದ್ದು, ಮಕ್ಕಳನ್ನೂ ಸಾಕಿಕೊಂಡು ನಾಲ್ಕು ಕಾಸು ಸಂಪಾದಿಸುತ್ತಾರೆ ಎನ್ನುತ್ತಿದ್ದರು. ಗಂಡನಿಲ್ಲದ, ಇದ್ದೂ ಇಲ್ಲದ ಎಷ್ಟೋ ಮನೆಗಳ ಒಲೆ ಉರಿದದ್ದು ಬೀಡಿಯಿಂದಲೇ, ಅದನ್ನು ಅಲ್ಲಗಳೆಯಲಾರೆ. ಆದರೆ ಲೆಕ್ಕ ಹಾಕಿ ನೋಡಿ. ಬಾಡಿಗೆ ಅವಳದು, ದೀಪದ ಖರ್ಚು ಅವಳದು, ತೊಟ್ಟಿಲು ಅವಳದು, ನೀರು ಅವಳದು. ಎಲೆ ಕಡಿಮೆ ಬಿದ್ದರೆ ಅಂಗಡಿಯಿಂದ ಕೊಂಡು ಸೇರಿಸುವವಳೂ ಅವಳೇ. ಕಾಯಿದೆ ಕಂಪನಿಯ ತಲೆಗೆ ಕಟ್ಟಿದ್ದನ್ನೆಲ್ಲ ಹೊಸ್ತಿಲು ದಾಟದ ಮರ್ಯಾದೆಯ ಹೆಸರಿನಲ್ಲಿ ಅವಳ ತಲೆಗೆ ಕಟ್ಟಲಾಯಿತು. ಪಕ್ಕದ ಮನೆಯವಳ ಬೀಡಿ ಎಷ್ಟು ತಿರಸ್ಕೃತವಾಯಿತೆಂದು ಇವಳಿಗೆ ತಿಳಿಯುತ್ತಿರಲಿಲ್ಲ. ಪ್ರತಿಯೊಬ್ಬಳೂ ತನ್ನ ಕೈಯದೇ ತಪ್ಪಿರಬೇಕೆಂದುಕೊಂಡಳು.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ಬೇಸಿಗೆ ರಜೆಯಲ್ಲಿ ಕಂಪಲಾಪುರದಿಂದ ಮೈಸೂರಿನ ದೊಡ್ಡ ಖಾಲಾ ಮನೆಗೆ ಹೋಗುತ್ತಿದ್ದೆ. ಖಾಲಾ, ಅವರ ಇಬ್ಬರು ಹೆಣ್ಣುಮಕ್ಕಳು, ಎದುರು ಮನೆಯ ಆಪಾ ಮಧ್ಯಾಹ್ನ ನಡುಮನೆಯಲ್ಲಿ ಮೊರ ಹಿಡಿದು ಕೂರುತ್ತಿದ್ದರು. ಉರ್ದು ಶಾಲೆಯಲ್ಲಿ ಓದುತ್ತಿದ್ದ ನನ್ನನ್ನು ಬಾಗಿಲ ಬಳಿ ಕೂರಿಸಿ, "ಓದು ಬೇಟಾ" ಎನ್ನುತ್ತಿದ್ದರು. ಹಳೆಯ 'ಸಾಲಾರ್' ಪತ್ರಿಕೆ, ಯಾರೋ ಕೊಟ್ಟ ಉರ್ದು ಮಾಸಿಕದ ಧಾರಾವಾಹಿ ಎಲ್ಲವನ್ನೂ ಓದುತ್ತಿದ್ದೆ. ಧಾರಾವಾಹಿಯ ಮುಂದಿನ ಕಂತು ಸಿಗದಿದ್ದರೆ ನಾನೇ ಕಟ್ಟಿ ಹೇಳುತ್ತಿದ್ದೆ. ಅವರಿಗದು ಗೊತ್ತಾಗುತ್ತಿತ್ತು, ಆದರೂ ಸುಮ್ಮನಿರುತ್ತಿದ್ದರು. ನನಗೆ ಕೂಲಿಯಾಗಿ ಬೀಡಿಯನ್ನೇನೂ ಕಟ್ಟಿಕೊಡಲಿಲ್ಲ, ಸಂಜೆ ಒಂದು ಬನ್ನು ಸಿಗುತ್ತಿತ್ತು. ಕಣ್ಣೂರಿನ ಹೆಸರನ್ನು ಆಗ ಕೇಳಿರಲಿಲ್ಲ.

ಸಂಜೆ ಬೀಡಿ ಕೊಡಲು ಖಾಲಾ ಜೊತೆ ನಾನೂ ಹೋಗುತ್ತಿದ್ದೆ. ಕಂಟ್ರಾಕ್ಟರನ ಆಳು ಕಟ್ಟುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ, ಒಂದು ಹಿಡಿಯನ್ನು ಪಕ್ಕದ ಡಬ್ಬಕ್ಕೆ ಎಸೆಯುತ್ತಿದ್ದ. ಎಸೆದದ್ದಕ್ಕೆ ಕೂಲಿಯಿಲ್ಲ, ಎಸೆದ ಬೀಡಿ ವಾಪಸೂ ಇಲ್ಲ. ಒಂದು ಸಲ, "ಅದು ಕೆಟ್ಟಿದ್ದರೆ ನಮಗೇ ಕೊಡಿ, ಬಿಚ್ಚಿ ಮತ್ತೆ ಕಟ್ಟುತ್ತೇವೆ" ಎಂದು ನಾನು ಬಾಯಿ ಹಾಕಿದೆ. ಖಾಲಾ ನನ್ನ ಕೈ ಜಗ್ಗಿ ಹೊರಗೆ ಕರೆತಂದರು. ಮರುದಿನ ಎಲೆ ಸಿಗದಿದ್ದರೆ ಎಂಬ ಭಯ ಅವರದು. ದಾರಿಯುದ್ದಕ್ಕೂ ಮಾತಾಡಲಿಲ್ಲ.

ಖಾಲಾ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಬೀಡಿಯ ಲೆಕ್ಕದ ಪುಸ್ತಕಗಳು ಸಿಕ್ಕವು, ಹನ್ನೊಂದು. ಭವಿಷ್ಯ ನಿಧಿಯ ಹಣ ಏನಾದರೂ ಬರಬಹುದೆಂದು ಅವರ ಮಗಳು ಅವನ್ನು ನನ್ನ ಕೈಗೆ ಕೊಟ್ಟಳು. ಒಳಪುಟಗಳಲ್ಲಿ ದಿನದಿನದ ಲೆಕ್ಕವಿತ್ತು, ಕೊಟ್ಟ ಎಲೆ, ಬಂದ ಬೀಡಿ, ತೆಗೆದದ್ದು. ಮೊದಲ ಪುಟದಲ್ಲಿ ಕಾರ್ಮಿಕರ ಹೆಸರು ಎಂಬಲ್ಲಿ ಖಾಲಾ ಹೆಸರಿರಲಿಲ್ಲ. ಹನ್ನೊಂದು ಪುಸ್ತಕಗಳಲ್ಲೂ ನಮಗ್ಯಾರಿಗೂ ಗೊತ್ತಿಲ್ಲದ ಬೇರೊಬ್ಬ ಹೆಂಗಸಿನ ಹೆಸರಿತ್ತು.